ದ್ರವ ಸಾರಜನಕದಲ್ಲಿ ಸೀಳಿದ ಕಾಯಿಲಿಗೆ ಯಾವ ಎಪಾಕ್ಸಿ?

ನಮಸ್ಕಾರ. ಎಪಾಕ್ಸಿಯಲ್ಲಿ (ಗಟ್ಟಿಯಾಗುವ ಅಂಟು ರೆಸಿನ್) ಮುಳುಗಿಸಿದ್ದ ತಾಮ್ರದ ಕಾಯಿಲನ್ನು (ತಂತಿಯ ಸುರುಳಿ) ಮಣಿಪಾಲದಲ್ಲಿ ಓದುವ ನಿಮ್ಮ ಮಗ ದ್ರವ ಸಾರಜನಕಕ್ಕೆ ಇಳಿಸಿದಾಗ ಅದು ಸೀಳಿತೆಂದೂ, ಸಮ್ಮಿಳನ ರಿಯಾಕ್ಟರಿನ ಆಯಸ್ಕಾಂತಗಳಲ್ಲಿ ಬಳಸುವ, ವಿಕಿರಣ ತಾಳುವ ರೆಸಿನ್ ತರಿಸಿದರೆ ಸರಿಹೋದೀತೇ ಎಂದೂ ಕೇಳಿದ್ದೀರಿ. ತರಿಸಬೇಡಿ. ನಿಮ್ಮ ತೊಂದರೆ ವಿಕಿರಣದ್ದಲ್ಲ, ಪೆಡಸುತನದ್ದು.

ಕೋಣೆಯ ಉಷ್ಣತೆಯಿಂದ ಮೈನಸ್ 196 ಡಿಗ್ರಿಗೆ ಇಳಿಯುವಾಗ ತಾಮ್ರ ಸುಮಾರು ಶೇ 0.3ರಷ್ಟು ಕುಗ್ಗಿದರೆ, ಬರಿಯ ಎಪಾಕ್ಸಿ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ತಾಮ್ರಕ್ಕೆ ಅಂಟಿಕೊಂಡಿರುವ ರೆಸಿನ್ನಿಗೆ ಅಷ್ಟು ಕುಗ್ಗಲು ಎಡೆಯಿಲ್ಲದ ಕಾರಣ, ಅದು ದಪ್ಪನಾಗಿ ನಿಂತಿರುವ ಕಡೆ ಸೀಳು ಹುಟ್ಟುತ್ತದೆ. ನೀವು ಹಾಕಿದ ಚಿತ್ರದಲ್ಲಿಯೂ ಸೀಳು ಹೊರಟಿರುವುದು ಬಾಬಿನ್ನಿನ (ತಂತಿ ಸುತ್ತುವ ಚೌಕಟ್ಟಿನ) ಮೂಲೆಯಿಂದಲೇ. ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವವರು ಗ್ಲಾಸ್ ನೂಲಿನ ಮ್ಯಾಟ್ ಇಲ್ಲದೆ ಬರಿಯ ರೆಸಿನ್ ಸುರಿಯುವುದಿಲ್ಲ (ಅವರದು ಹೆಚ್ಚಾಗಿ ಪಾಲಿಯೆಸ್ಟರ್ ರೆಸಿನ್, ಆದರೂ ಪಾಠ ಅದೇ: ಸೀಳನ್ನು ತಡೆಯಲು ರೆಸಿನ್ನಿನೊಳಗೆ ಗ್ಲಾಸ್ ನೂಲು ಬೇಕು).

ಫ್ರಾನ್ಸಿನ ಕ್ಯಾಡರಾಶ್‌ನಲ್ಲಿರುವ ಐಟರ್ ಎಂಬ ಸಮ್ಮಿಳನ ರಿಯಾಕ್ಟರಿನ 18 ಟೊರಾಯ್ಡಲ್ ಕಾಯಿಲುಗಳು (ಉಂಗುರಾಕಾರದ ಕೋಣೆಯ ಸುತ್ತ ನಿಲ್ಲುವ ಆಯಸ್ಕಾಂತಗಳು) ಸುಮಾರು ಮೈನಸ್ 269 ಡಿಗ್ರಿಯಲ್ಲಿ, ಅಂದರೆ 4.5 ಕೆಲ್ವಿನ್‌ನಲ್ಲಿ ಕೆಲಸ ಮಾಡಬೇಕು. ಅವಕ್ಕೆ ಗ್ಲಾಸ್ ಮತ್ತು ಪಾಲಿಇಮೈಡ್ ಪ್ಲಾಸ್ಟಿಕ್ಕಿನ ಟೇಪುಗಳನ್ನು ಸುತ್ತಿ, ತೂಕದಲ್ಲಿ 40 ಪಾಲು ಸಯನೇಟ್ ಎಸ್ಟರ್ (ವಿಕಿರಣ ತಾಳುವ ಇನ್ನೊಂದು ರೆಸಿನ್) ಮತ್ತು 60 ಪಾಲು ಎಪಾಕ್ಸಿಯ ಮಿಶ್ರಣವನ್ನು ನಿರ್ವಾತದಲ್ಲಿ ಒಳಗಿಳಿಸಲಾಗಿದೆ. ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳು ರೆಸಿನ್ನಿನ ಸರಪಳಿಗಳನ್ನು ಕಡಿದು ಮುಖ್ಯವಾಗಿ ಹೈಡ್ರೋಜನ್ ಬಿಡಿಸುತ್ತವೆ. ಚಳಿಯಲ್ಲಿ ಒಳಗೇ ಸಿಕ್ಕಿಕೊಂಡಿದ್ದ ಆ ಅನಿಲ ಕಾಯಿಲು ಬೆಚ್ಚಗಾದಾಗ ನಿರೋಧಕ ಪದರವನ್ನು ಉಬ್ಬಿಸಬಲ್ಲದು. ಬೋರಾನ್ ನ್ಯೂಟ್ರಾನನ್ನು ಹೀರಿ ರೆಸಿನ್ನನ್ನು ಕೆಡಿಸುವ ಆಲ್ಫಾ ಕಣ ಹೊರಡಿಸುವುದರಿಂದ ಅಲ್ಲಿ ಬೋರಾನ್ ಇಲ್ಲದ ಗ್ಲಾಸನ್ನೇ ಆರಿಸುತ್ತಾರೆ. ಬೆಂಜೀನ್ ಉಂಗುರಗಳು ಹೆಚ್ಚಿರುವ ರೆಸಿನ್ ಮತ್ತು ಹಾರ್ಡ್ನರ್ (ರೆಸಿನ್ನನ್ನು ಗಟ್ಟಿಯಾಗಿಸಲು ಬೆರೆಸುವ ಭಾಗ) ವಿಕಿರಣವನ್ನು ಚೆನ್ನಾಗಿ ತಾಳುತ್ತವೆ, ಆದರೆ ಪೆಡಸಾಗುತ್ತವೆ. ಉದ್ದನೆಯ, ಬಾಗುವ ಸರಪಳಿಗಳು ಸೀಳನ್ನು ತಡೆಯುತ್ತವೆ, ಆದರೆ ವಿಕಿರಣಕ್ಕೆ ಮೊದಲು ತುಂಡಾಗುವವೂ ಅವೇ. ಈ ಎರಡು ಗುಣಗಳನ್ನು ಒಂದೇ ಪಾತ್ರೆಯಲ್ಲಿ ಹೊಂದಿಸುವುದೇ ಅಲ್ಲಿನವರ ತಲೆನೋವು. ನಿಮ್ಮ ಮೇಜಿನ ಮೇಲೆ ನ್ಯೂಟ್ರಾನ್ ಇಲ್ಲವಾದ್ದರಿಂದ ನೀವು ನಿಶ್ಚಿಂತೆಯಿಂದ ಬಾಗುವ ಸರಪಳಿಯ ಕಡೆ ಹೋಗಬಹುದು.

ಆದ್ದರಿಂದ ಸಾಮಾನ್ಯ ಬಿಸ್ಫಿನಾಲ್-ಎ ಎಪಾಕ್ಸಿಗೆ ಬಾಗುವ ಸರಪಳಿಯ ಪಾಲಿಈಥರ್ ಅಮೀನ್ ಹಾರ್ಡ್ನರನ್ನು ಆರಿಸಿ, ತಯಾರಕರು ಹೇಳಿದ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಿ. ಸುತ್ತಿನ ಪ್ರತಿ ಪದರದ ನಡುವೆ ತೆಳ್ಳನೆಯ ಗ್ಲಾಸ್ ಬಟ್ಟೆ ಇಡಿ, ಮೂಲೆಗಳನ್ನು ಅದೇ ಬಟ್ಟೆಯ ಚೂರುಗಳಿಂದ ತುಂಬಿ. ನನ್ನ ಅನುಭವದಲ್ಲಿ ರೆಸಿನ್ ಬದಲಿಸುವುದಕ್ಕಿಂತ ಇದರಿಂದಲೇ ಹೆಚ್ಚು ಫಲ ಸಿಕ್ಕಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಮೀನ್ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಮೇಲೆ ಮೇಣದಂತಹ ಬಿಳಿ ಪೊರೆ ಕಟ್ಟುತ್ತದೆ. ಡಬ್ಬದ ಮುಚ್ಚಳವನ್ನು ತೆರೆದಿಡಬೇಡಿ, ಕಾಯಿಲನ್ನು ಮೊದಲು ಬಿಸಿ ಮಾಡಿ ಒಣಗಿಸಿ, ಬೆರೆಸಿದ ರೆಸಿನ್ನಿನ ಗುಳ್ಳೆಗಳನ್ನು ನಿರ್ವಾತ ಪಂಪಿನಿಂದ ತೆಗೆಯಿರಿ. ಬೆಂಜೀನ್ ಉಂಗುರವಿರುವ ಆರೊಮ್ಯಾಟಿಕ್ ಅಮೀನ್ ಹಾರ್ಡ್ನರುಗಳಲ್ಲಿ ಕೆಲವು ವಿಷಕಾರಿ. ಮನೆಯಲ್ಲಿ ಅವನ್ನು ಮುಟ್ಟದಿರುವುದೇ ಒಳ್ಳೆಯದು.

ತಣಿಸುವಾಗ ಕಾಯಿಲನ್ನು ಒಮ್ಮೆಲೇ ಮುಳುಗಿಸದೆ, ದ್ರವದ ಮೇಲಿನ ಆವಿಯಲ್ಲಿ ತೂಗುಹಾಕಿ ನಿಧಾನವಾಗಿ ಇಳಿಸಲು ಮಗನಿಗೆ ಹೇಳಿ. ಆವಿಯಾದ ಸಾರಜನಕ ಕೋಣೆಯ ಆಮ್ಲಜನಕವನ್ನು ತಳ್ಳಿಬಿಡುವುದರಿಂದ, ಹೊರಗೆ ಮಳೆ ಹೊಡೆಯುತ್ತಿದ್ದರೂ ಕಿಟಕಿ ಮುಚ್ಚಬಾರದು.