ಬಕೆಟ್ ಕೆಳಗಿಡಿ, ಸ್ಪ್ರೇ ಪಂಪು ತನ್ನಿ

ಗುರು, ನಿಮ್ಮ ಆಟೊಕ್ರಾಸ್ ವಿಡಿಯೋ (ಕೋನ್‌ಗಳ ನಡುವೆ ಒಂದೊಂದೇ ಕಾರು ಓಡಿಸಿ ಸಮಯ ಅಳೆಯುವ ಸ್ಪರ್ಧೆ) ಎರಡು ಸಲ ನೋಡಿದೆ. ಪೋಲೊ 1.2 ಟಿಎಸ್‌ಐ, ಒಂದೇ ಕಾರಿಗೆ ಇಬ್ಬರು ಡ್ರೈವರ್, ಮಟಮಟ ಮಧ್ಯಾಹ್ನ. ರನ್ ಮುಗಿದ ತಕ್ಷಣ ಎಂಜಿನ್ ಆಫ್. ಬಾನೆಟ್ ಮುಚ್ಚಿಯೇ ಇದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೀರಿ. ನಿಮ್ಮ ಗೆಳೆಯರು ಮುಂದಿನ ಚಕ್ರಕ್ಕೆ ಬಕೆಟ್‌ನಲ್ಲಿ ನೀರು ಎರಚುತ್ತಿದ್ದಾರೆ. ಆಮೇಲೆ "ಮೂರನೇ ರನ್ ಎರಡು ಸೆಕೆಂಡ್ ನಿಧಾನ ಆಯ್ತು, ಟೈರ್ ಬದಲಿಸಬೇಕಾ?" ಅಂತ ಪ್ರಶ್ನೆ. ಟೈರ್ ಪಾಪ ಏನು ಮಾಡಿದೆ? ಅತಿಯಾಗಿ ಬಿಸಿಯಾದರೆ ಅದರ ಹಿಡಿತ ಕಮ್ಮಿಯಾಗುತ್ತೆ, ತಣಿಸಬೇಕು ನಿಜ, ಆದರೆ ಬಕೆಟ್‌ನಿಂದಲ್ಲ.

ಆ ಬಕೆಟ್ ನಾನೂ ಹಿಡಿದವನೇ. ಹೊಸಕೋಟೆ ಕಡೆ ಒಂದು ಕಾಂಕ್ರೀಟ್ ಯಾರ್ಡಿನಲ್ಲಿ, ನನ್ನ ಹಳೇ ಸ್ವಿಫ್ಟ್‌ಗೆ. ಮುಂದಿನ ಎಡಗಡೆ ಟೈರ್ ಮುಟ್ಟಿದರೆ ಕೈ ಇಡೋಕಾಗುತ್ತಿರಲಿಲ್ಲ. ಅರ್ಧ ಬಕೆಟ್ ನೀರು ಸುರಿದೆ. ಟೈರ್ ಸುಮ್ಮನಿತ್ತು, ಒಳಗಿಂದ "ಚುಯ್" ಅಂತ ಸದ್ದು ಬಂತು, ವೀಲ್‌ನ ಕಂಡಿಗಳಿಂದ ಹಬೆ ಎದ್ದಿತು. ನೀರು ಹೋಗಿದ್ದು ಬ್ರೇಕ್ ಡಿಸ್ಕ್ ಮೇಲೆ! ನಾನು ನಗುತ್ತಾ ಇನ್ನರ್ಧ ಬಕೆಟ್ ಬಲಗಡೆಗೂ ಸುರಿದೆ. ಸಂಜೆ ಮನೆಗೆ ಬರುವಾಗ ಎಂಬತ್ತರಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ. ಡಿಸ್ಕ್ ಸೊಟ್ಟಗಾಗಿತ್ತೋ, ಪ್ಯಾಡಿನ ಮಸಿ ಅಲ್ಲಲ್ಲಿ ಅಂಟಿತ್ತೋ, ಅಂತೂ ಎರಡೂ ಡಿಸ್ಕ್ ಲೇತ್‌ಗೆ ಹೋದವು. ಅದಕ್ಕಿಂತ ಹೊಟ್ಟೆ ಉರಿದದ್ದು ಏನು ಗೊತ್ತಾ? ಆ ನೀರೆಲ್ಲ ಟೈರ್ ಕೆಳಗೆ ಮಡುವಾಗಿ ನಿಂತಿತ್ತು. ಅದರ ಮೇಲಿಂದಲೇ ಸ್ಟಾರ್ಟ್‌ಗೆ ಹೋದೆ. ಮೊದಲನೇ ಕೋನ್‌ನಲ್ಲೇ ಕಾರು ತಿರುಗದೆ ನೆಟ್ಟಗೆ ಹೋಯಿತು.

ನೀರು ತೊಳೆಯೋದಕ್ಕಲ್ಲ, ಆವಿಯಾಗೋದಕ್ಕೆ. ಒಂದು ಲೀಟರ್ ನೀರು 30 ಡಿಗ್ರಿಯಿಂದ 60ಕ್ಕೆ ಏರುವಾಗ ಹೀರುವ ಶಾಖ ಸುಮಾರು 125 ಕಿಲೋಜೂಲ್. ಅದೇ ಒಂದು ಲೀಟರ್ ಆವಿಯಾದರೆ 2,200ಕ್ಕೂ ಜಾಸ್ತಿ. ಮಣ್ಣಿನ ಹೂಜಿ ತಣ್ಣಗಿರೋದು ಇದೇ ಲೆಕ್ಕದಲ್ಲಿ. ನೆಲಕ್ಕೆ ಹರಿದುಹೋದ ನೀರು ದಂಡ.

ಹಾಗಾಗಿ ನನ್ನ ಆಯುಧ ಕೈತೋಟಕ್ಕೆ ಔಷಧಿ ಹೊಡೆಯುವ ಎರಡು ಲೀಟರ್‌ನ ಕೈಪಂಪು. ಆಸ್ಪಿ, ನೆಪ್ಚೂನ್ ಯಾವುದಾದರೂ ನಡೆಯುತ್ತೆ. ಆದರೆ ನಳಿಕೆ ಹಿತ್ತಾಳೆಯದಿರಲಿ. ಪ್ಲಾಸ್ಟಿಕ್‌ನದ್ದು ಎರಡು ಸಲ ಬಿದ್ದರೆ ಮಂಜು ಬಿಡಲ್ಲ, ಉಚ್ಚೆ ಹೊಯ್ಯುತ್ತೆ. ಮನೆಯಲ್ಲಿ ಕಳೆನಾಶಕ ಹೊಡೆದ ಪಂಪು ತರಬೇಡಿ, ಹೊಸದೇ ತಗೊಳ್ಳಿ. ನಳಿಕೆ ತಿರುಗಿಸಿ ಸಣ್ಣ ಮಂಜಿನಂತೆ ಮಾಡಿಕೊಳ್ಳಿ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಟೈರ್‌ನ ಟ್ರೆಡ್‌ಗೆ (ನೆಲಕ್ಕೆ ತಾಗುವ ಮೈಗೆ) ಮಾತ್ರ, ಒದ್ದೆ ಹೊಳೆಯುವಷ್ಟು ಮಾತ್ರ. ಅದು ಆರಿದ ಮೇಲೆ ಮತ್ತೊಂದು ಸಲ. ನಡುವೆ ಚಕ್ರ ಅರ್ಧ ಸುತ್ತು ಉರುಳುವಷ್ಟು ಕಾರು ಮುಂದೆ ತಳ್ಳಿ, ಇಲ್ಲದಿದ್ದರೆ ನೆಲಕ್ಕೆ ಒತ್ತಿದ ಭಾಗ ಬಿಸಿಯಾಗಿಯೇ ಉಳಿಯುತ್ತೆ. ಸ್ಟಾರ್ಟ್ ಲೈನ್‌ಗೆ ಹೋಗುವ ಒಂದೆರಡು ನಿಮಿಷ ಮುಂಚೆ ನಿಲ್ಲಿಸಿ. ಕಾರುಗಳು ಸಾಲಾಗಿ ಕಾಯುವ ಗ್ರಿಡ್ ಒದ್ದೆ ಮಾಡಿದರೆ ಮಾರ್ಷಲ್‌ಗಳ ಹತ್ತಿರ ಬೈಸಿಕೊಳ್ಳುತ್ತೀರಿ, ನ್ಯಾಯವಾಗಿಯೇ.

ಹಿಂದಿನ ಟೈರ್‌ಗೆ ಒಂದು ಹನಿಯೂ ಬೇಡ. ಮುಂದಿನ ಚಕ್ರಗಳೇ ಎಳೆಯುವ ಫ್ರಂಟ್ ವೀಲ್ ಡ್ರೈವ್‌ನಲ್ಲಿ ಅವು ಅಷ್ಟಾಗಿ ಬಿಸಿಯಾಗಲ್ಲ, ತಣ್ಣಗೆ ಮಾಡಿದರೆ ಮೊದಲ ಸ್ಲಾಲಮ್‌ನಲ್ಲೇ (ಸಾಲು ಕೋನ್‌ಗಳ ನಡುವೆ ಎಡಬಲ ಹೊರಳುವಾಗಲೇ) ಬಾಲ ಬೀಸುತ್ತೆ. ಬೆಳಗಿನ ಮೊದಲ ರನ್‌ಗೆ ಮುಂದಿನದಕ್ಕೂ ಬೇಡ. ಮಂಗಳೂರಿನ ಸೆಕೆಯಲ್ಲಿ ನೀರು ಬೇಗ ಆರಲ್ಲ, ಅಲ್ಲಿ ನೆರಳು, ಗಾಳಿ ಎರಡನ್ನೇ ನಂಬಿ. ಬೆಂಗಳೂರಿನ ಮಾರ್ಚ್ ಒಣಹವೆಯಲ್ಲಿ ಮಾತ್ರ ಜಾದೂ.

ಇನ್ನು ಟೈರ್‌ನ ಗಾಳಿ ಒತ್ತಡ. ಟೈರ್ 10 ಡಿಗ್ರಿ ಬಿಸಿಯಾದರೆ ಹೆಚ್ಚುಕಮ್ಮಿ 2 ಪಿಎಸ್‌ಐ ಏರುತ್ತೆ. ಬೆಳಿಗ್ಗೆ 34 ಇಟ್ಟು ಮರೆತರೆ ಮೂರನೇ ರನ್‌ಗೆ 39, 40. ನಿಮ್ಮ ಎರಡು ಸೆಕೆಂಡ್‌ನಲ್ಲಿ ಅರ್ಧ ಅಲ್ಲೇ ಇದೆ ಅಂತ ನನ್ನ ಅನುಮಾನ. ಪ್ರತಿ ರನ್ ಆದ ಮೇಲೆ ಅಳೆದು ಇಳಿಸಿ. ಊಟದ ಬಿಡುವಿನಲ್ಲಿ ತಣ್ಣಗಾದ ಮೇಲೆ ಮತ್ತೆ ತುಂಬಿ, ಇದನ್ನು ಎಲ್ಲರೂ ಮರೆಯುತ್ತಾರೆ. ಗೇಜ್ ಯಾವುದಾದರೂ ಇರಲಿ, ಒಂದೇ ಇರಲಿ. ಬಂಕಿನ ಗೇಜ್ ನಂಬಿದವನು ಕೆಟ್ಟ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದ್ದರೆ ಒದ್ದೆ ಮಾಡುವ ಮುಂಚೆ ಟೈರ್‌ಗೆ ಹೊಡೆದು ನೋಡಿ. ಹೊಳೆಯುವ ಡಿಸ್ಕ್‌ಗೆ, ಅಲ್ಯೂಮಿನಿಯಂಗೆ ಹೊಡೆದರೆ ಅದು ಹೇಳೋದು ಸುಳ್ಳು.

ಎಂಜಿನ್ ವಿಷಯಕ್ಕೆ ಬರೋಣ. ಬಂದವರೇ ಗಕ್ಕನೆ ಆಫ್ ಮಾಡಬೇಡಿ. ವಾಟರ್ ಪಂಪ್ ನಿಂತರೆ ಬ್ಲಾಕಿನ ಬಿಸಿ ಹೊರಗೆ ಬರಲ್ಲ, ಕೆಲವು ನಿಮಿಷ ಇಳಿಯುವ ಬದಲು ಏರುತ್ತೆ. ಟರ್ಬೊದಲ್ಲಿ ಆಯಿಲ್ ಬೇರೆ ಸುಟ್ಟು ಕರಕಲಾಗಬಹುದು. ಗಾಳಿ ಬರುವ ಕಡೆಗೆ ಮೂತಿ ತಿರುಗಿಸಿ ನಿಲ್ಲಿಸಿ, ಬಾನೆಟ್ ಎತ್ತಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಎಸಿ ಹಾಕಿದರೆ ಫ್ಯಾನ್ ತಿರುಗುತ್ತೆ ಅಂತ ಸಲಹೆ ಕೊಡುವವರು ಇದ್ದಾರೆ. ತಿರುಗುತ್ತೆ, ಜೊತೆಗೆ ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್‌ನ ಬಿಸಿಯೆಲ್ಲ ರೇಡಿಯೇಟರ್‌ಗೇ ಬಡಿಯುತ್ತೆ. ಅದರ ಬದಲು ಹೀಟರ್ ಫುಲ್ ಹಾಕಿ, ಕಿಟಕಿ ಇಳಿಸಿ. ಒಳಗೆ ಬೇಯುತ್ತೀರಿ, ಆದರೆ ಎಂಜಿನ್‌ಗೆ ಇನ್ನೊಂದು ಪುಟ್ಟ ರೇಡಿಯೇಟರ್ ಸಿಕ್ಕಂತೆ.

ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮೇಲೆ ಐಸ್ ಇಡ್ತೀನಿ ಅಂದಿದ್ದೀರಿ. ನಿಮ್ಮ ಕಾರಲ್ಲಿ ಅದು ಎಂಜಿನ್‌ಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ಅದಕ್ಕೆ ಬೇರೆ ನೀರಿನ ದಾರಿ, ಮುಂದುಗಡೆ ಬೇರೆ ಪುಟ್ಟ ರೇಡಿಯೇಟರ್. ಅದೇ ಪಂಪಿನಲ್ಲಿ ಗ್ರಿಲ್‌ಗೆ ಮಂಜು ಹೊಡೆಯಿರಿ, ಸಾಕು. ಬೋರ್‌ವೆಲ್ ನೀರು ಬೇಡ, ರೇಡಿಯೇಟರ್‌ನ ತೆಳು ಫಿನ್‌ಗಳ ಮೇಲೆ ಬಿಳಿ ಸುಣ್ಣ ಕೂರುತ್ತೆ. ಕುಡಿಯುವ ನೀರಿನ ಕ್ಯಾನ್‌ನಿಂದ ತುಂಬಿಸಿ. ಮಣ್ಣಿನ ಟ್ರ್ಯಾಕ್ ಆದರೆ ಫಿನ್‌ಗಳ ನಡುವಿನ ಧೂಳನ್ನು ಮೊದಲೇ ಮೆಲ್ಲಗೆ ಊದಿ ತೆಗೆಯಿರಿ. ಸರ್ವಿಸ್ ಸ್ಟೇಷನ್ ಜೆಟ್ ಹತ್ತಿರದಿಂದ ಹೊಡೆಸಿದರೆ ಫಿನ್ ಎಲ್ಲ ಮಡಚಿಕೊಳ್ಳುತ್ತೆ.

ಬಿಸಿ ಇರುವಾಗ ಕೂಲೆಂಟ್ ಮುಚ್ಚಳಕ್ಕೆ ಕೈ ಹಾಕಬೇಡಿ. ಬೆಂಗಳೂರಿನ ಎತ್ತರಕ್ಕೆ ಬರೀ ನೀರು 97 ಡಿಗ್ರಿಗೇ ಕುದಿಯುತ್ತೆ, ಒಳಗಿನ ಒತ್ತಡ ಅದನ್ನು ತಡೆದಿರುತ್ತೆ. ತೆರೆದರೆ ಮುಖಕ್ಕೇ. ಆಮೇಲೆ, "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ತಣ್ಣಗಿರುತ್ತೆ" ಅನ್ನುವ ಮೆಕ್ಯಾನಿಕ್ ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ. ಎಂಜಿನ್ ಬೆಚ್ಚಗಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಕವಾಟ ಅದು, ಅದಿಲ್ಲದಿದ್ದರೆ ಎಂಜಿನ್ ಬೆಚ್ಚಗಾಗದೆ ಪೆಟ್ರೋಲ್ ಕುಡಿಯುತ್ತೆ, ಅಷ್ಟೇ ಲಾಭ.

ಹ್ಯಾಂಡ್‌ಬ್ರೇಕ್ ಬಿಟ್ಟು ಗೇರಿನಲ್ಲಿ (ಆಟೊಮ್ಯಾಟಿಕ್ ಆದರೆ P ಯಲ್ಲಿ) ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡಿ. ಹಿಂದಿನ ಚಕ್ರದ ಕಾದ ಬ್ರೇಕ್ ಡ್ರಮ್‌ಗೆ ಬ್ರೇಕ್ ಶೂ ಕಚ್ಚಿಕೊಂಡು ಕೂತರೆ ಲೈನಲ್ಲಿ ಕಾರು ಮುಂದಕ್ಕೆ ಹೋಗಲ್ಲ. ಆ ಕಲ್ಲು ತೆಗೆಯೋದು ಮಾತ್ರ ಮರೆಯಬೇಡಿ, ನನ್ನ ಗೆಳೆಯ ಒಮ್ಮೆ ಮರೆತಿದ್ದ.

ಮುಂದಿನ ಸಲ ಪ್ರತಿ ರನ್ ಆದ ಮೇಲೆ ನಾಲ್ಕೂ ಟೈರ್‌ನ ಗಾಳಿ ಬರೆದು ಇಲ್ಲಿ ಹಾಕಿ. ಜೊತೆಗೆ ಮುಂದಿನ ಟೈರ್‌ನ ಹೊರಅಂಚಿನ ಫೋಟೋ. ಅದು ನೋಡಿದ ಮೇಲೆ ಟೈರ್ ಬದಲಿಸುವ ಮಾತಾಡೋಣ.