ಗಡಿಯಾರ ಮಾಡಿದವರಿದ್ದಾರೆ, ಜಗತ್ತು ಮಾಡಿದವರು?

ಪ್ರಶ್ನೆ: ನನಗೆ 42 ವರ್ಷ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅಪ್ಪ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಧ್ವ ಸಂಪ್ರದಾಯದವರು, ಉಡುಪಿ ಕೃಷ್ಣ ಅಂದರೆ ಪ್ರಾಣ. ಹೋದ ತಿಂಗಳು ನನ್ನ ಹತ್ತು ವರ್ಷದ ಮಗನಿಗೆ ಹಳೆಯ ಕೈಗಡಿಯಾರವೊಂದನ್ನು ಬಿಚ್ಚಿ ತೋರಿಸುತ್ತಿದ್ದರು. 'ಇಷ್ಟು ಪುಟ್ಟ ಯಂತ್ರಾನೇ ತಾನಾಗಿ ಆಗಲ್ಲ ಅಂದ್ಮೇಲೆ ಇಷ್ಟು ದೊಡ್ಡ ಜಗತ್ತು ತಾನಾಗಿ ಆಗುತ್ತಾ ಪುಟ್ಟಾ? ತಲೆ ಇರೋರು ಯಾರೇ ಆಗ್ಲಿ, ದೇವರನ್ನ ಒಪ್ಪಲೇಬೇಕು' ಅಂದರು. ನಾನು ಪಕ್ಕದಲ್ಲೇ ಇದ್ದೆ. 'ಈ ವಾದ ಡಾರ್ವಿನ್ ಕಾಲದಲ್ಲೇ ಬಿದ್ದುಹೋಯ್ತಪ್ಪಾ, ಮಗೂಗೆ ತಪ್ಪು ಹೇಳ್ಕೊಡಬೇಡಿ' ಅಂದುಬಿಟ್ಟೆ. ಅಪ್ಪ ಏನೂ ಹೇಳಲಿಲ್ಲ. ಅವತ್ತೇ ಅವರ ಟೂಲ್ ಡಬ್ಬಿ ಅಟ್ಟ ಸೇರಿತು. ಈಗ ನಮ್ಮ ಜೊತೆ ಊಟಕ್ಕೂ ಕೂರುವುದಿಲ್ಲ. ಮಗ 'ತಾತ ಹೇಳಿದ್ದು ಸುಳ್ಳಾ?' ಅಂತ ಕೇಳುತ್ತಾನೆ. 'ನೀವು ಹೇಳಿದ್ದೇ ಸರಿ ಅಂದ್ಬಿಡಿ, ಮನೆ ತಣ್ಣಗಿರುತ್ತೆ' ಅನ್ನುತ್ತಾಳೆ ಹೆಂಡತಿ. ನಿಜವಾಗಿ, ತರ್ಕದ ಪ್ರಕಾರ ಅಪ್ಪ ಹೇಳಿದ್ದು ಸರಿಯಾ? ಸರಿಯಾದರೆ ಒಪ್ಪಿಕೊಳ್ಳುತ್ತೇನೆ. ತಪ್ಪಾದರೆ ಹೇಗೆ ಹೇಳಲಿ? ಮಂಗಳಾರತಿಗೆ ನಿಂತಾಗಲೂ ಈಗ ನಾಟಕ ಮಾಡಿದ ಹಾಗೆ ಅನಿಸುತ್ತಿದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ತರ್ಕದ ವಿಷಯ ಮೊದಲು ಮುಗಿಸೋಣ. ನಿಮ್ಮ ಪತ್ರದಲ್ಲಿ ಸುಲಭವಾದದ್ದು ಅದೊಂದೇ.

ಜಗತ್ತು ಇಷ್ಟು ಜಟಿಲವಾಗಿದೆ, ಆದ್ದರಿಂದ ಮಾಡಿದವನೊಬ್ಬ ಇರಲೇಬೇಕು ಎಂದು ತರ್ಕ ನಮ್ಮನ್ನು ಕಟ್ಟಿಹಾಕುವುದಿಲ್ಲ. ಇರುವುದಕ್ಕೆ ಸಾಧ್ಯವೇ ಇಲ್ಲ ಅಂತಲೂ ಅದು ಹೇಳುವುದಿಲ್ಲ. ಮೊದಲನೆಯ ಮಾತು ನಿಮ್ಮ ಅಪ್ಪನಿಗೆ ಹಿಡಿಸಲಿಕ್ಕಿಲ್ಲ. ಎರಡನೆಯದು ನಿಮಗೆ.

ಗಡಿಯಾರದ ವಾದವನ್ನು ಊರಿಗೆಲ್ಲ ಗೊತ್ತು ಮಾಡಿದ್ದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ, 1802ರಲ್ಲಿ. ಬಯಲಲ್ಲಿ ನಡೆಯುವಾಗ ಕಲ್ಲು ಎಡವಿದರೆ ಅದು ಮೊದಲಿಂದ ಅಲ್ಲೇ ಬಿದ್ದಿತ್ತು ಅಂದುಕೊಳ್ಳಬಹುದು, ಗಡಿಯಾರ ಸಿಕ್ಕರೆ ಹಾಗೆ ಅನ್ನುವುದಕ್ಕೆ ಆಗುತ್ತದೆಯೇ ಎಂದು ಅವನು ಕೇಳಿದ. ನಮ್ಮ ಕಡೆ ಗಡಿಯಾರದ ಜಾಗದಲ್ಲಿ ಮಡಕೆ ಇತ್ತು. ಪೇಲಿಗಿಂತ ಎಷ್ಟೋ ಶತಮಾನ ಮೊದಲು ಮಿಥಿಲೆಯ ತಾರ್ಕಿಕ ಉದಯನಾಚಾರ್ಯ 'ನ್ಯಾಯಕುಸುಮಾಂಜಲಿ'ಯಲ್ಲಿ ಇದೇ ವಾದ ಕಟ್ಟಿದ್ದ. ಭೂಮಿಯೂ ಮಡಕೆಯ ಹಾಗೆ ಒಂದು ಕಾರ್ಯ, ಅಂದರೆ ಉಂಟಾದ ವಸ್ತು, ಕಾರ್ಯಕ್ಕೆ ಅದನ್ನು ಮಾಡಿದ ಕರ್ತ ಬೇಕು ಅಂತ. ಪುರಿ ಜಗನ್ನಾಥನ ಬಾಗಿಲು ಮುಚ್ಚಿದ್ದನ್ನು ಕಂಡು 'ಬೌದ್ಧರು ವಾದಕ್ಕೆ ಬಂದರೆ ನಿನ್ನನ್ನು ಉಳಿಸಬೇಕಾದವನು ನಾನೇ, ನೆನಪಿರಲಿ' ಎಂದು ಅವನು ದೇವರಿಗೇ ದಬಾಯಿಸಿದ ಕಥೆಯೂ ಇದೆ. ಅಂದರೆ ನಿಮ್ಮ ಅಪ್ಪ ಬಾಯಿಗೆ ಬಂದದ್ದು ಹೇಳಿದವರಲ್ಲ. ಅವರು ಕೂತಿರುವ ಪಂಕ್ತಿ ದೊಡ್ಡದು.

ಆದರೂ ಆ ವಾದ ಒಂದು ಕಡೆ ಜಾರುತ್ತದೆ. ಗಡಿಯಾರಕ್ಕೆ ಮಾಡುವವರಿದ್ದಾರೆ ಅಂತ ನಿಮ್ಮ ಅಪ್ಪನಿಗೆ ಹೇಗೆ ಗೊತ್ತು? ಜಟಿಲವಾಗಿದೆ ಅಂತ ನೋಡಿ ಊಹಿಸಿದ್ದಲ್ಲ. ಅವರೇ ಬೆಂಚಿನ ಮುಂದೆ ಕೂತು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಮಾಡಿದ್ದಾರೆ. ಮಡಕೆಯೂ ಅಷ್ಟೇ, ಕುಂಬಾರನನ್ನು ನಾವು ನೋಡಿದ್ದೇವೆ. ಜಗತ್ತುಗಳನ್ನು ಮಾಡುವುದನ್ನು ಯಾರೂ ನೋಡಿಲ್ಲ. ಇರುವುದು ಒಂದೇ ಒಂದು, ನಾವು ಕಣ್ಣು ಬಿಡುವ ಹೊತ್ತಿಗೆ ಅದಾಗಲೇ ಇತ್ತು. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಈ ಆಕ್ಷೇಪ ಎತ್ತಿದ ಪುಸ್ತಕ ಅವನು ಸತ್ತ ಮೇಲೆ 1779ರಲ್ಲಿ ಅಚ್ಚಾಯಿತು. ಪೇಲಿ ಬರೆಯುವುದಕ್ಕೂ ಮೊದಲೇ ಉತ್ತರ ಬಂದುಬಿಟ್ಟಿತ್ತು ಅನ್ನಿ.

ಇನ್ನು ಆ ಗಡಿಯಾರವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಹಿಂದಿನ ಮುಚ್ಚಳ ತೆಗೆದರೆ ಬ್ಯಾಲೆನ್ಸ್ ವೀಲ್ ಅತ್ತ ಇತ್ತ ಓಲಾಡುತ್ತಿರುತ್ತದೆ. ಆ ಕಾಲದ ಕೀ ಕೊಡುವ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಐದು ಬಡಿತ. ಅದರ ನಡುವೆ ಕೂದಲಿನಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗ್ ಸುರುಳಿ ಬಿಚ್ಚಿಕೊಂಡು, ಮತ್ತೆ ಮುದುರಿಕೊಳ್ಳುತ್ತಿರುತ್ತದೆ. ಅಚ್ಚುಗಳ ತುದಿ ಸವೆಯದಿರಲಿ ಅಂತ ಪುಟಾಣಿ ಕೆಂಪು ಕಲ್ಲುಗಳು. ಇದನ್ನೆಲ್ಲ ಒಬ್ಬ ಕೂತು ಯೋಚಿಸಿದನೇ? ಆ ಸ್ಪ್ರಿಂಗನ್ನು ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ ಜಗತ್ತಿನ ಮುಂದಿಟ್ಟದ್ದು 1675ರಲ್ಲಿ. ಕಲ್ಲು ಕೂರಿಸುವುದಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿದ್ದು 1704ರಲ್ಲಿ, ಅದನ್ನು ಪಡೆದವರು ಬೇರೆಯವರು. ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಶುರುವಾದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ನಡುವೆ ಕೆಟ್ಟ ಮಾದರಿಗಳು, ಕೈಬಿಟ್ಟ ಮಾದರಿಗಳು, ಹೆಸರೇ ಉಳಿಯದ ನೂರಾರು ಕೆಲಸಗಾರರು. ಈ ಹೋಲಿಕೆಯನ್ನು ಪ್ರಾಮಾಣಿಕವಾಗಿ ಎಳೆದುಕೊಂಡು ಹೋದರೆ ಕೊನೆಗೆ ಸಿಗುವುದು ಒಂದು ಕಾರ್ಖಾನೆ. ನಿಮ್ಮ ಅಪ್ಪ ಕೈ ಮುಗಿಯುವ ಕೃಷ್ಣ ಸಿಗುವುದಿಲ್ಲ.

ಇದು ನನ್ನ ಕುಚೋದ್ಯ ಅಂದುಕೊಳ್ಳಬೇಡಿ. ರಾಮಾನುಜಾಚಾರ್ಯರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಭೂಮಿ, ಬೆಟ್ಟ, ಸಮುದ್ರ ಎಲ್ಲ ಕಾರ್ಯಗಳೇ ಇರಬಹುದು. ಆದರೆ ಅವನ್ನೆಲ್ಲ ಒಂದೇ ಸಲ, ಒಬ್ಬನೇ ಮಾಡಿದ ಅನ್ನುವುದಕ್ಕೆ ಊಹೆಯಿಂದ ಆಧಾರ ಸಿಗುವುದಿಲ್ಲ ಎಂಬ ಆಕ್ಷೇಪವನ್ನು ಅವರು ಉದ್ದಕ್ಕೆ ಬಿಡಿಸಿ ಇಡುತ್ತಾರೆ. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆ ಮಾಡಿಕೊಂಡಿದ್ದ ಅವರಿಗಿಂತ ದೊಡ್ಡ ಆಸ್ತಿಕರನ್ನು ಎಲ್ಲಿ ಹುಡುಕುತ್ತೀರಿ?

ಜಟಿಲವಾಗಿ, ಒಪ್ಪವಾಗಿ ಕಾಣುವುದೆಲ್ಲ ಯಾರೋ ಮಾಡಿಟ್ಟದ್ದು ಅನ್ನುವುದೂ ನಿಲ್ಲುವುದಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪ ನೋಡಿದ್ದೀರಲ್ವಾ? ಐದು ಮೂಲೆ, ಆರು ಮೂಲೆಯ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಯಾವುದೋ ಶಿಲ್ಪಿ ಅರ್ಧಕ್ಕೆ ಬಿಟ್ಟು ಹೋದ ದೇವಸ್ಥಾನದ ಅಡಿಪಾಯ ಅಂತಲೇ ಯಾರಿಗಾದರೂ ಅನಿಸಬೇಕು. ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ, ಲಾವಾ ಹರಿದು ಬಂದು ಆರಿತು. ಆರುವಾಗ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು. ಅಷ್ಟೇ ನಡೆದದ್ದು. ಕಣ್ಣಿನ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಬೆಳಕು ಗೊತ್ತಾಗುವ ಒಂದು ಚುಕ್ಕೆಯಿಂದ ಹಿಡಿದು, ನಾಟಿಲಸ್ ಅನ್ನುವ ಕಡಲಜೀವಿಯ ಲೆನ್ಸೇ ಇಲ್ಲದ ಕಣ್ಣನ್ನು ದಾಟಿ, ನಮ್ಮ ಕಣ್ಣಿನವರೆಗೆ ಮೆಟ್ಟಿಲುಗಳನ್ನು ನೀವು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುತ್ತೀರಿ.

ಇನ್ನು ನಿಮ್ಮ ಸರದಿ. ಡಾರ್ವಿನ್ 1859ರಲ್ಲಿ ವಿವರಿಸಿದ್ದು ಜೀವಿಗಳು ಹೇಗೆ ಬದಲಾದವು ಅನ್ನುವುದನ್ನು. ಏನೂ ಇಲ್ಲದಿರುವ ಬದಲು ಏನೋ ಒಂದು ಯಾಕಿದೆ, ಭೌತಶಾಸ್ತ್ರದ ನಿಯಮಗಳು ಹೀಗೇ ಯಾಕಿವೆ ಅನ್ನುವುದಕ್ಕೆ ಅವನು ಕೈ ಹಾಕಲಿಲ್ಲ. 1953ರಲ್ಲಿ ಫ್ರೆಡ್ ಹಾಯ್ಲ್ ಅನ್ನುವ ಖಗೋಳ ವಿಜ್ಞಾನಿ ಒಂದು ಲೆಕ್ಕ ಹಾಕಿದ. ನಕ್ಷತ್ರಗಳ ಒಳಗೆ ಸಾಕಷ್ಟು ಕಾರ್ಬನ್ ತಯಾರಾಗಬೇಕಾದರೆ ಕಾರ್ಬನ್ ಪರಮಾಣುವಿನ ಬೀಜಕ್ಕೆ ಇಂಥದ್ದೇ ಒಂದು ಶಕ್ತಿಮಟ್ಟ ಇರಬೇಕು ಅಂದ. ಪ್ರಯೋಗ ಮಾಡಿದವರಿಗೆ ಅದು ಸಿಕ್ಕಿಯೇ ಬಿಟ್ಟಿತು. ಅದು ಇಲ್ಲದಿದ್ದರೆ ನೀವೂ ಇಲ್ಲ, ನಿಮ್ಮ ಅಪ್ಪನೂ ಇಲ್ಲ, ನನ್ನ ಅಂಕಣವೂ ಇಲ್ಲ. ದೇವರನ್ನು ನಂಬದ ಹಾಯ್ಲ್, ಮುಂದೆ ಇದರ ಹಿಂದೆ ಯಾವುದೋ ದೊಡ್ಡ ಬುದ್ಧಿಯ ಕೈವಾಡ ಇದ್ದ ಹಾಗೆ ಕಾಣುತ್ತದೆ ಎಂದು ಬರೆದ. ಅದಕ್ಕೆ ಬೇರೆ ಉತ್ತರಗಳೂ ಇವೆ. ಲೆಕ್ಕವಿಲ್ಲದಷ್ಟು ವಿಶ್ವಗಳಿವೆ, ನಮಗೆ ಹೊಂದುವ ಒಂದರಲ್ಲಿ ನಾವಿದ್ದೇವೆ ಅನ್ನುವವರಿದ್ದಾರೆ. ಆ ಬೇರೆ ವಿಶ್ವಗಳನ್ನೂ ಯಾರೂ ನೋಡಿಲ್ಲ. ಆದ್ದರಿಂದ 'ಡಾರ್ವಿನ್ ಕಾಲದಲ್ಲೇ ಬಿದ್ದುಹೋಯ್ತು' ಅನ್ನುವ ನಿಮ್ಮ ಮಾತು ಕಣ್ಣು, ರೆಕ್ಕೆ, ಹೂವಿನ ಮಟ್ಟಿಗೆ ಸರಿ. ಇಡೀ ವಿಶ್ವದ ಮಟ್ಟಿಗೆ ಸ್ವಲ್ಪ ಜಾಸ್ತಿಯೇ ಆಯಿತು.

'ಹಾಗಾದರೆ ದೇವರನ್ನು ಮಾಡಿದ್ದು ಯಾರು?' ಅನ್ನುವ ಅಸ್ತ್ರವನ್ನೂ ನೀವು ಇಟ್ಟುಕೊಂಡಿರಬಹುದು. ಅದು ಅಂದುಕೊಂಡಷ್ಟು ಚೂಪಾಗಿಲ್ಲ. ದೇವರು ಅನಾದಿ ಅನ್ನುತ್ತಾರೆ ಅಪ್ಪ. ಅನಾದಿಯಾದದ್ದು ಒಂದು ಇರಬಹುದಾದರೆ ಅದು ಜಗತ್ತೇ ಯಾಕಾಗಿರಬಾರದು ಅನ್ನುತ್ತೀರಿ ನೀವು. ನಮ್ಮ ನಾಡಿನಲ್ಲೇ ಇದು ಸಾವಿರ ವರ್ಷಕ್ಕೂ ಹಳೆಯ ಜಗಳ. ರಾಷ್ಟ್ರಕೂಟರ ಅಮೋಘವರ್ಷನಿಗೆ ಗುರುವಾಗಿದ್ದ ಜೈನ ಮುನಿ ಜಿನಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲಿ ತಮ್ಮ ಸಂಸ್ಕೃತ ಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಒಂದೊಂದೇ ಪ್ರಶ್ನೆ ಕೇಳಿ ತಳ್ಳಿಹಾಕಿದ್ದರು. ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಮೊದಲು ಸಾಮಗ್ರಿ ಮಾಡಿದ ಅಂದರೆ ಅದಕ್ಕೆ ಸಾಮಗ್ರಿ ಎಲ್ಲಿಂದ ಬಂತು? ಅವರ ಆ ಪುರಾಣದ ಕಥೆಯನ್ನೇ ಪಂಪ 941ರಲ್ಲಿ ಕನ್ನಡದ 'ಆದಿಪುರಾಣ' ಮಾಡಿದ. ಸೃಷ್ಟಿಕರ್ತ ಇಲ್ಲ ಅಂದವರೆಲ್ಲ ಧರ್ಮ ಬಿಟ್ಟವರು ಅಂತ ಯಾರಿಗಾದರೂ ಅನಿಸಿದರೆ ಒಮ್ಮೆ ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ಬರಲಿ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಮಾತ್ರ ಮಧ್ವಾಚಾರ್ಯರು. ದೇವರು ಇಂದ್ರಿಯಗಳಿಗೂ ಸಿಗುವುದಿಲ್ಲ, ಊಹೆಗೂ ಸಿಗುವುದಿಲ್ಲ, ವೇದವೇ ತಿಳಿಸಬೇಕು ಅನ್ನುವ ಶ್ರುತಿಯನ್ನು ಅವರು 'ವಿಷ್ಣುತತ್ತ್ವವಿನಿರ್ಣಯ'ದಲ್ಲಿ ಎತ್ತಿ ಹೇಳುತ್ತಾರೆ. ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠೆ ಮಾಡಿದವರೇ ಅವರಲ್ಲವೇ? ಅಂದರೆ ಗಡಿಯಾರದ ವಾದ ಸೋತರೆ ನಿಮ್ಮ ಅಪ್ಪನ ದೇವರಿಗೆ ಏನೂ ಆಗುವುದಿಲ್ಲ. ಆ ದೇವರು ಆ ವಾದದ ಮೇಲೆ ನಿಂತೇ ಇರಲಿಲ್ಲ. ದಯವಿಟ್ಟು ಈ ಪುಸ್ತಕ ಹಿಡಿದುಕೊಂಡು 'ನೋಡಿ, ನಿಮ್ಮ ಆಚಾರ್ಯರೇ ಹೀಗೆ ಅಂದಿದ್ದಾರೆ' ಅಂತ ಅಪ್ಪನ ಕೋಣೆಗೆ ನುಗ್ಗಬೇಡಿ. ಇದು ನೀವು ಸಮಾಧಾನವಾಗಿರಲಿ ಅಂತ ಹೇಳಿದ್ದು.

ಈಗ ಮನೆಯ ವಿಷಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಟೂಲ್ ಡಬ್ಬಿ. ನಿಮ್ಮ ಅಪ್ಪ ದುಡಿದ ಕಡೆ ಈಗ ಗಡಿಯಾರ ಮಾಡುವುದು ನಿಂತುಹೋಗಿದೆ. ಹೊತ್ತು ನೋಡುವುದಕ್ಕೆ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅವರಿಗೆ ಗೊತ್ತಿರುವ ಕೆಲಸವನ್ನು ಕೇಳುವವನು ಮನೆಯಲ್ಲಿ ಒಬ್ಬನೇ ಉಳಿದಿದ್ದ, ಆ ಹುಡುಗ. ಅವನ ಎದುರಿಗೆ, ಗಡಿಯಾರ ಬಿಚ್ಚಿ ಕೂತಿರುವಾಗ, 'ತಪ್ಪು ಹೇಳ್ಕೊಡಬೇಡಿ' ಅಂದಿರಿ. ಅದೂ ನೀವು ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡವರು. ಡಾರ್ವಿನ್ ಹೆಸರು ಅವರ ಕಿವಿಗೆ ಬಿದ್ದಿತೋ ಇಲ್ಲವೋ, ನನಗೆ ಅನುಮಾನ.

ಆದ್ದರಿಂದ ನಿಮ್ಮ ವಿಚಾರಕ್ಕೆ ಕ್ಷಮೆ ಕೇಳಬೇಡಿ, ಆ ಮಾತಿಗೆ ಕೇಳಿ. ಅವರೊಬ್ಬರೇ ಇದ್ದಾಗ ಹೋಗಿ, 'ಅಪ್ಪಾ, ಪುಟ್ಟನ ಎದುರಿಗೆ ನಾನು ಹಾಗೆ ಅನ್ನಬಾರದಿತ್ತು' ಅನ್ನಿ. ಅಷ್ಟಕ್ಕೇ ನಿಲ್ಲಿಸಿ. ಅದರ ಬೆನ್ನಿಗೆ 'ಆದ್ರೆ' ಅಂತ ಶುರು ಮಾಡಿದಿರೋ, ಕೇಳಿದ ಕ್ಷಮೆ ವಾಪಸ್ ತಗೊಂಡ ಹಾಗೆ. ಅವರು ತಕ್ಷಣ ಕರಗಲಿಕ್ಕಿಲ್ಲ. 'ಇರ್ಲಿ ಬಿಡು' ಅಂದು ಪೇಪರ್ ಎತ್ತಿಕೊಳ್ಳಬಹುದು. ಬಿಡಿ. ಅಟ್ಟದಿಂದ ಡಬ್ಬಿ ನೀವು ಇಳಿಸಬೇಡಿ, ಮಗನಿಗೆ ಹೇಳಿ. ನಿಂತುಹೋದ ಗಡಿಯಾರ ಒಂದನ್ನು ಎಲ್ಲಿಂದಾದರೂ ಹುಡುಕಿ ಅವನ ಕೈಗೆ ಕೊಟ್ಟು, 'ತಾತನ್ನ ಕೇಳು, ಇದು ಯಾಕೆ ಓಡ್ತಿಲ್ಲ ಅಂತ' ಅನ್ನಿ. ಅವರು ಗಡಿಯಾರ ಬಿಚ್ಚಿದಾಗ ಮತ್ತೆ ದೇವರ ಮಾತು ಬಂದೇ ಬರುತ್ತದೆ. ಬರಲಿ. ನೀವು ಬಾಯಿ ಮುಚ್ಚಿಕೊಂಡು ಸ್ಕ್ರೂ ಹಿಡಿದುಕೊಳ್ಳಿ.

ನಿಮ್ಮ ಹೆಂಡತಿಯ ಸಲಹೆ ನನಗೆ ಒಪ್ಪಿಗೆಯಿಲ್ಲ, ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ ಆದರೂ. ನಂಬದ್ದನ್ನು ನಂಬಿದೆ ಅಂದರೆ ಅಪ್ಪನಿಗೆ ಗೊತ್ತಾಗುತ್ತದೆ. ಮಗನಿಗಂತೂ ಇನ್ನೂ ಬೇಗ ಗೊತ್ತಾಗುತ್ತದೆ. ಅವನಿಗೆ ಹೀಗೆ ಹೇಳಿ ನೋಡಿ: 'ತಾತ ಸುಳ್ಳು ಹೇಳಿಲ್ಲ. ಸುಳ್ಳು ಅಂದ್ರೆ ಗೊತ್ತಿದ್ದೂ ಬೇರೆ ಹೇಳೋದು. ತಾತಂಗೆ ಹಾಗನ್ಸುತ್ತೆ, ನಂಗೆ ಹೀಗನ್ಸುತ್ತೆ. ಜಗತ್ತು ಶುರುವಾಗೋವಾಗ ನಾವಿಬ್ರೂ ಅಲ್ಲಿರ್ಲಿಲ್ಲ.' ಯಾರದ್ದು ಸರಿ ಅಂತ ಹಟ ಹಿಡಿದರೆ, ದೊಡ್ಡವನಾದ ಮೇಲೆ ನೀನೇ ಓದಿ ಹೇಳು ಅನ್ನಿ. ಹತ್ತು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ. ಮನೆಯಲ್ಲಿ ಇಬ್ಬರು ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವುದನ್ನು ಅವರು ನೋಡಿಯೇ ಇರುತ್ತಾರೆ.

ಮಂಗಳಾರತಿಗೆ ನಿಲ್ಲಿ. ಆರತಿಯ ಹೊತ್ತಿಗೆ ಯಾರೂ ನಿಮ್ಮಿಂದ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದಿಲ್ಲ. ಮನೆಯವರು ಸೇರುವ ಹೊತ್ತಿಗೆ ನೀವೂ ಸೇರಿದಿರಿ, ಅಷ್ಟೇ. ಅಪ್ಪ ಎಂದಾದರೂ ನೇರವಾಗಿ 'ನೀನು ನಂಬ್ತೀಯೇನೋ?' ಅಂತ ಕೇಳಿದರೆ ಆಗ ಸುಳ್ಳು ಹೇಳಬೇಡಿ. ಕೇಳುವವರೆಗೆ ನೀವಾಗಿ ಘೋಷಣೆ ಮಾಡುವ ಅಗತ್ಯವೂ ಇಲ್ಲ.

ಇನ್ನೊಂದು ಸಲಹೆ, ಖರ್ಚಿನದ್ದು. ದಸರಾ ರಜೆಯಲ್ಲಿ ಮೂವರೂ ಉಡುಪಿಗೆ ಹೋಗಿ ಬನ್ನಿ. ಹೆಂಡತಿಗೆ ರಜೆ ಸಿಕ್ಕರೆ ನಾಲ್ವರೂ. ಬೆಳಿಗ್ಗೆ ಅಪ್ಪನ ಜೊತೆ ಕನಕನ ಕಿಂಡಿಯ ಮುಂದೆ ನಿಂತು, ಮಠದಲ್ಲಿ ಊಟ ಮುಗಿಸಿ, ಮಧ್ಯಾಹ್ನ ಮಲ್ಪೆಯಿಂದ ದೋಣಿ ಹತ್ತಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಶುರುವಾಗಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಆ ಕಂಬಗಳನ್ನು ತೋರಿಸಿ ಮಗನಿಗೆ ಲಾವಾ ಕಥೆ ನೀವು ಹೇಳಿ. ಆಮೇಲೆ ತಾತ ಏನು ಹೇಳುತ್ತಾರೋ ಅದನ್ನೂ ಅವನು ಕೇಳಲಿ. ಈ ಸಲ ಮಾತು ಕಡಿಯಬೇಡಿ. ಬಂಡೆಗಳು ಜಾರುತ್ತವೆ, ಅಪ್ಪನ ಕೈ ಹಿಡಿದುಕೊಂಡಿರಿ.