ಮೇಲಿನ ಮಾಂಸ ತೆಗೆದರೆ ಸಸ್ಯಾಹಾರ ಆಗುವುದಿಲ್ಲ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನವೆಂಬರ್‌ನಲ್ಲಿ ಯಜಮಾನರ ಜೊತೆ ಮೊರಾಕ್ಕೊಗೆ ಹೊರಟಿದ್ದೇನೆ. ಕಾಸಾಬ್ಲಾಂಕಾ, ಮರಕೇಶ್, ಫೆಸ್ ನೋಡುವ ಆಸೆ. ಇಬ್ಬರೂ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು? ಸೀರೆ ಉಡಬಹುದೆ? ಮಸೀದಿಗಳ ಒಳಗೆ ಬಿಡುತ್ತಾರೆಯೆ?

ಉತ್ತರ: ಸೀರೆ ಧಾರಾಳವಾಗಿ ಉಡಿ ಮೇಡಂ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಫೆಸ್‌ನ ಹಳೇ ಊರಿನ ಓಣಿಗಳು ಕಡಿದಾದ ಇಳಿಜಾರು, ಹಿಂದಿನಿಂದ ಹೇಸರಗತ್ತೆ ಬರುತ್ತದೆ, ಅದರವನು ‘ಬಾಲಕ್, ಬಾಲಕ್’ (ದಾರಿ ಬಿಡಿ) ಎಂದು ಕೂಗುತ್ತಾನೆ. ಆಗ ನೆರಿಗೆ ಎತ್ತಿಕೊಂಡು ಗೋಡೆಗೆ ಸರಿಯುವುದಕ್ಕಿಂತ ಚೂಡಿದಾರ್ ವಾಸಿ. ಭುಜ, ಮೊಣಕಾಲು ಮುಚ್ಚಿದ್ದರೆ ಸಾಕು, ತಲೆಗೆ ಹೊದೆಯಬೇಕೆಂದಿಲ್ಲ. ರಿಯಾದ್ ಎಂಬ ಅಂಗಳದ ಮನೆಗಳಲ್ಲಿ ಉಳಿಯುವಿರಾದರೆ ಸ್ವೆಟರ್, ಸಾಕ್ಸ್ ಇರಲಿ; ನವೆಂಬರ್ ರಾತ್ರಿ ಟೈಲ್ಸ್ ನೆಲ ಕೊರೆಯುತ್ತದೆ.

ಈಗ ಊಟ. ‘ತರಕಾರಿ ತಾಜಿನ್’ (ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಅಡುಗೆ) ಎಂದು ಪಟ್ಟಿಯಲ್ಲಿ ಬರೆದಿದ್ದರೂ ಅದು ಮಾಂಸದ ಸಾರಿನಲ್ಲಿ ಬೆಂದಿರಬಹುದು. ಶುಕ್ರವಾರ ಮಾಡುವ, ಹಬೆಯಲ್ಲಿ ಬೆಂದ ರವೆಯಂಥ ಕುಸ್‌ಕುಸ್ ಮೇಲೆ ಕುಂಬಳ, ಟರ್ನಿಪ್, ಕಡಲೆ ಎಲ್ಲ ಇರುತ್ತದೆ, ಅಡಿಯ ರಸ ಮಾತ್ರ ಬಹುಪಾಲು ಕುರಿಯದ್ದೊ ಕೋಳಿಯದ್ದೊ. ಸಸ್ಯಾಹಾರಿ ಅಂದರೆ ಮೇಲಿನ ತುಂಡು ತೆಗೆದು ಬಡಿಸುವವರೂ ಇದ್ದಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದ್ದರಿಂದ ‘ಬ್ಲಾ ಲ್ಹಮ್’ (ಮಾಂಸವಿಲ್ಲದೆ) ಎಂದು ಹೇಳಿ ಸುಮ್ಮನಾಗಬೇಡಿ, ಯಾವ ನೀರಲ್ಲಿ ಬೇಯಿಸಿದ್ದು ಎಂದೂ ಕೇಳಿ. ಹರೀರಾ ಸೂಪಿಗೂ ಇದೇ ಮಾತು. ನೆಮ್ಮದಿಯಾಗಿ ತಿನ್ನಬಹುದಾದ್ದು ಬದನೆಕಾಯಿ, ಟೊಮ್ಯಾಟೊ ಅರೆದ ಝಾಲುಕ್. ಬೆಳಗ್ಗೆ ಜೇನುತುಪ್ಪ ಹಚ್ಚಿದ ಮ್ಸಿಮನ್, ಅದು ನಮ್ಮ ಚೌಕ ಪರೋಟದ ಅಕ್ಕನ ಹಾಗಿದೆ. ಒಣಗಿದ ಅವರೆ ಜಾತಿಯ ಕಾಳು ಬೇಯಿಸಿ ಅರೆದು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಹಾಕುವ ಬಿಸಾರಾ ಸಿಕ್ಕರೆ ಬಿಡಬೇಡಿ. ನನ್ನನ್ನು ಕೇಳಿದರೆ, ರಿಯಾದ್‌ನ ಅಡುಗೆಯಾಕೆಗೆ ಹಿಂದಿನ ದಿನವೇ ಹೇಳಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಒಂದೇ ತಟ್ಟೆಯಿಂದ ಎಲ್ಲರೂ ತಿನ್ನುವಾಗ ಬಲಗೈ, ನಿಮ್ಮ ಮುಂದಿನ ಭಾಗ ಮಾತ್ರ. ಅದನ್ನು ನಿಮಗೆ ಕಲಿಸಬೇಕಿಲ್ಲ.

ಮುಸ್ಲಿಮರಲ್ಲದವರಿಗೆ ಅಲ್ಲಿನ ಮಸೀದಿಗಳ ಒಳಗೆ ಸಾಮಾನ್ಯವಾಗಿ ಪ್ರವೇಶವಿಲ್ಲ, ಬಾಗಿಲಲ್ಲಿ ನಿಂತು ವಾದಿಸಬೇಡಿ. ಕಾಸಾಬ್ಲಾಂಕಾದಲ್ಲಿ ಸಮುದ್ರದಂಚಿಗೆ 1993ರಲ್ಲಿ ಮುಗಿದ ದೊರೆ ಎರಡನೆಯ ಹಸನ್ ಹೆಸರಿನ ಮಸೀದಿಯನ್ನು ಮಾತ್ರ ಗೈಡ್ ಜೊತೆ, ನಮಾಜಿನ ಹೊತ್ತು ಬಿಟ್ಟು ನೋಡಬಹುದು. ಫೆಸ್‌ನಲ್ಲಿ 14ನೇ ಶತಮಾನದ ಬೂ ಇನಾನಿಯಾ ಮದ್ರಸಾದ ಅಂಗಳ ತೆರೆದಿರುತ್ತದೆ. ಮರದ ಕೆತ್ತನೆ ನೋಡುತ್ತ ನಿಮ್ಮ ಅರ್ಧ ದಿನ ಹೋಗುತ್ತದೆ.

ವೀಸಾ ಮೊದಲೇ ಮಾಡಿಸಿ. ದಿರ್ಹಮ್ ಅಲ್ಲಿ ಇಳಿದ ಮೇಲೆಯೇ ಬದಲಿಸಿಕೊಳ್ಳಿ, ರಸೀದಿ ಎಸೆಯಬೇಡಿ, ಉಳಿದದ್ದನ್ನು ವಾಪಸ್ ಕೊಡುವಾಗ ಕೇಳಬಹುದು. ಚಿಲ್ಲರೆ ಮಾತ್ರ ಜೇಬು ತುಂಬ ಇರಲಿ. ಪುಟ್ಟ ಟ್ಯಾಕ್ಸಿ ಹತ್ತುವ ಮುನ್ನವೇ ಮೀಟರ್ ಹಾಕುವಂತೆ ಕೇಳಿ. ಒಪ್ಪದಿದ್ದರೆ ಇನ್ನೊಂದು ಬರುತ್ತದೆ. ‘ಈ ದಾರಿ ಮುಚ್ಚಿದೆ, ನನ್ನ ಜೊತೆ ಬನ್ನಿ’ ಎನ್ನುವ ಹುಡುಗರಿಗೆ ನಕ್ಕು ‘ಲಾ, ಶುಕ್ರನ್’ (ಬೇಡ, ಧನ್ಯವಾದ) ಎಂದು ಮುಂದೆ ನಡೆಯಿರಿ. ದಾರಿ ಬಹುತೇಕ ತೆರೆದೇ ಇರುತ್ತದೆ.

ಪ್ರಶ್ನೆ: ಮೊರಾಕ್ಕೊ ಮರುಭೂಮಿಯ ವಿಡಿಯೊ ಮಾಡಲು ಡ್ರೋನ್ ಒಯ್ಯಬಹುದೆ? ಜನರ ಫೋಟೊ?

ಉತ್ತರ: ಡ್ರೋನ್ ಮನೆಯಲ್ಲೇ ಇರಲಿ. ಅನುಮತಿ ಇಲ್ಲದೆ ತಂದರೆ ವಿಮಾನನಿಲ್ದಾಣದ ಕಸ್ಟಮ್ಸ್‌ನವರು ಇಟ್ಟುಕೊಳ್ಳುತ್ತಾರೆ. ಪೊಲೀಸರು, ಸೈನಿಕರ ಕಡೆ ಕ್ಯಾಮೆರಾ ತಿರುಗಿಸಬೇಡಿ. ಜನರನ್ನು ಕೇಳಿಯೇ ತೆಗೆಯಿರಿ. ಮರಕೇಶ್‌ನ ಜಮಾ ಎಲ್-ಫನಾ ಚೌಕದ ಹಾವಾಡಿಗರು, ಕೆಂಪು ಉಡುಪಿನ ನೀರು ಮಾರುವವರು ಫೋಟೊಗೆ ದುಡ್ಡು ಕೇಳುತ್ತಾರೆ. ಎಷ್ಟೆಂದು ಮೊದಲೇ ಮಾತಾಡಿ. ಹಾವು ಕೊರಳಿಗೆ ಬಿದ್ದ ಮೇಲೆ ಚೌಕಾಸಿ ನಡೆಯುವುದಿಲ್ಲ.